28 ಸ್ಲಾಟ್‌ಗಳ ಲೆಕ್ಕ: ಓಲ್ಡ್ ಸ್ಕೂಲ್ ರೂನ್‌ಸ್ಕೇಪ್‌ನಲ್ಲಿ ಫುಡ್, ಪೋಷನ್, ಲೂಟ್‌ಗೆ ಜಾಗ ಹೊಂದಿಸುವುದು

ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಅನ್ನುವ ಆನ್‌ಲೈನ್ ಆಟದಲ್ಲಿ ನಿಮ್ಮ ಕಾಂಬ್ಯಾಟ್ ಲೆವೆಲ್ 3 ಇರಲಿ, 126 ಇರಲಿ, ಇನ್ವೆಂಟರಿಯಲ್ಲಿ, ಅಂದರೆ ಸಾಮಾನು ಹೊರುವ ಬ್ಯಾಗಿನಲ್ಲಿ, ಸಿಗುವುದು 28 ಸ್ಲಾಟ್ ಮಾತ್ರ. ನಾಲ್ಕು ಕಾಲಂ, ಏಳು ಸಾಲು. ಎಷ್ಟು ದುಡ್ಡು ಸುರಿದರೂ 29ನೆಯದು ಬರುವುದಿಲ್ಲ. ಜಾಗೆಕ್ಸ್ ಕಂಪನಿ 2007ರ ಹಳೆಯ ಬ್ಯಾಕಪ್ ತೆಗೆದು 2013ರಲ್ಲಿ ಈ ಆಟವನ್ನು ಮತ್ತೆ ಶುರು ಮಾಡಿದಾಗಲೂ ಇಷ್ಟೇ ಇತ್ತು, ಈಗಲೂ ಇಷ್ಟೇ. ಬೇರೆ ಎಷ್ಟೋ ಆಟಗಳಲ್ಲಿ ದೊಡ್ಡ ಬ್ಯಾಗ್ ಕೊಂಡರೆ ತಲೆನೋವು ಮುಗಿಯಿತು. ಇಲ್ಲಿ ಹಾಗಲ್ಲ. ಏನು ಒಯ್ಯಬೇಕು, ಏನು ಬಿಡಬೇಕು ಅನ್ನುವುದೇ ಅರ್ಧ ಆಟ.

ಹೊಸಬರ ಇನ್ವೆಂಟರಿ ಸಾಮಾನ್ಯವಾಗಿ ಹೀಗಿರುತ್ತದೆ: ಎರಡು ಪ್ರೇಯರ್ ಪೋಷನ್ (ಏಟಿನಿಂದ ಕಾಯುವ ಪ್ರಾರ್ಥನೆಗಳಿಗೆ ಬೇಕಾದ ಪಾಯಿಂಟ್ ತುಂಬಿಸುವ ಔಷಧಿ), ಉಳಿದ ಕಡೆಯೆಲ್ಲ ಶಾರ್ಕ್ (ತಿಂದರೆ ಜೀವ ತುಂಬಿಸುವ ಮೀನು). ಹತ್ತು ನಿಮಿಷಕ್ಕೆ ಪ್ರೇಯರ್ ಖಾಲಿ. ಶಾರ್ಕ್ ಇನ್ನೂ ಹದಿನೈದು ಬಾಕಿ. ಅಷ್ಟು ಸ್ಲಾಟ್‌ಗಳನ್ನು ಸುಮ್ನೆ ಹೊತ್ತುಕೊಂಡು ಹೋಗಿ ಹೊತ್ತುಕೊಂಡು ಬಂದ ಹಾಗಾಯಿತು ಅಲ್ವಾ? ಒಳ್ಳೆಯ ಇನ್ವೆಂಟರಿಯಲ್ಲಿ ಫುಡ್, ಪ್ರೇಯರ್, ಖಾಲಿ ಜಾಗ ಮೂರೂ ಹೆಚ್ಚುಕಮ್ಮಿ ಒಂದೇ ಹೊತ್ತಿಗೆ ಮುಗಿಯುತ್ತವೆ. ಈ ಮಾರ್ಗದರ್ಶಿಯ ಹಂತಗಳೆಲ್ಲ ಅದನ್ನು ಸಾಧಿಸುವುದಕ್ಕೇ. ಹೆಚ್ಚಿನ ಉದಾಹರಣೆಗಳು ಮೆಂಬರ್‌ಗಳಿಗೆ, ಅಂದರೆ ಚಂದಾ ಇರುವವರಿಗೆ. ಫ್ರೀ ಆಡುವವರಿಗೆ ಮಧ್ಯದಲ್ಲಿ ಒಂದು ಭಾಗ ಇದೆ.

ಹಂತ 1: ನಿಮ್ಮ ಟ್ರಿಪ್ ಯಾಕೆ ಮುಗಿಯುತ್ತಿದೆ?

ಬ್ಯಾಂಕಿಗೆ ವಾಪಸ್ ಬರಲು ಕಾರಣ ಮೂರೇ. ಫುಡ್ ಮುಗಿಯಿತು, ಪ್ರೇಯರ್ ಮುಗಿಯಿತು, ಇಲ್ಲವೇ ಲೂಟ್ (ಕೊಂದ ಶತ್ರುಗಳಿಂದ ಸಿಗುವ ಸಾಮಾನು) ಹಾಕಿಕೊಳ್ಳಲು ಜಾಗ ಇಲ್ಲ. ಮುಂದಿನ ಸಲ ಬ್ಯಾಂಕ್ ತೆರೆದಾಗ, ಡೆಪಾಸಿಟ್ ಬಟನ್ ಒತ್ತುವ ಮೊದಲು ಒಂದು ಕ್ಷಣ ಇನ್ವೆಂಟರಿ ನೋಡಿ. ಏನು ಉಳಿದಿದೆಯೋ ಅದು ಜಾಸ್ತಿ ಒಯ್ದದ್ದು. ಎರಡು ಮೂರು ಟ್ರಿಪ್ ಹೀಗೆ ನೋಡಿದರೆ ಬೇರೆಯವರ ಸೆಟಪ್ ನಕಲು ಮಾಡುವುದಕ್ಕಿಂತ ಹೆಚ್ಚು ಉಪಯೋಗ. ಯೂಟ್ಯೂಬ್‌ನಲ್ಲಿ ತೋರಿಸುವ ಸೆಟಪ್ ಅವರ ಲೆವೆಲ್, ಅವರ ಗೇರ್‌ಗೆ (ಆಯುಧ, ಉಡುಪು) ಹೊಂದಿದ್ದು, ನಿಮ್ಮದಕ್ಕಲ್ಲ.

ಜಾಗಕ್ಕೆ ತಕ್ಕಂತೆ ಕಾರಣವೂ ಬದಲಾಗುತ್ತದೆ. ಬ್ಯಾರೋಸ್‌ನಲ್ಲಿ (ಆರು ಸಹೋದರರ ಗೋರಿಗಳಿರುವ ಜಾಗ) ಹೆಚ್ಚಾಗಿ ಬರುವ ಲೂಟ್ ರೂನ್‌ಗಳು, ಅಂದರೆ ಮಂತ್ರ ಹಾಕಲು ಬೇಕಾದ ಕಲ್ಲುಗಳು. ಸಾವಿರ ರೂನ್ ಬಂದರೂ ಒಂದೇ ಸ್ಲಾಟ್ ಸಾಕು. ಅಲ್ಲಿ ಮೊದಲು ಕೈಕೊಡುವುದು ಪ್ರೇಯರ್. ಹಸಿರು ಡ್ರ್ಯಾಗನ್‌ಗಳದ್ದು ಪೂರ್ತಿ ಉಲ್ಟಾ. ಪ್ರತಿ ಡ್ರ್ಯಾಗನ್ ಒಂದು ಮೂಳೆ, ಒಂದು ಚರ್ಮ ಬೀಳಿಸಿಯೇ ಬೀಳಿಸುತ್ತದೆ. ಎರಡೂ ಸ್ಟ್ಯಾಕ್ ಆಗುವುದಿಲ್ಲ, ಒಂದೊಂದಕ್ಕೂ ಒಂದೊಂದು ಸ್ಲಾಟ್ ಬೇಕು. ಅಲ್ಲಿ ಇಪ್ಪತ್ತು ಶಾರ್ಕ್ ಒಯ್ದರೆ ನಾಲ್ಕು ಡ್ರ್ಯಾಗನ್‌ಗೇ ಬ್ಯಾಗ್ ತುಂಬುತ್ತದೆ.

ಹಂತ 2: ಮೈಮೇಲೆ ಹಾಕಿಕೊಳ್ಳಬಹುದಾದ್ದನ್ನು ಬ್ಯಾಗಿಗೆ ಹಾಕಬೇಡಿ

ಉಡುಪು, ಆಯುಧಗಳಿಗೆ ಬೇರೆಯದೇ 11 ಸ್ಲಾಟ್ ಇದೆ. ಅವನ್ನು ಖಾಲಿ ಬಿಡುವುದು ನಷ್ಟ. ಟೆಲಿಪೋರ್ಟ್‌ಗೆ ಆದಷ್ಟೂ ಆಭರಣ ಬಳಸಿ. ರಿಂಗ್ ಆಫ್ ಡ್ಯುಯೆಲಿಂಗ್ ಬೆರಳಲ್ಲಿದ್ದರೆ ಎಂಟು ಸಲ ಟೆಲಿಪೋರ್ಟ್ ಆಗಬಹುದು, ಇನ್ವೆಂಟರಿಯಲ್ಲಿ ಒಂದು ಸ್ಲಾಟೂ ಬೇಡ. ಅಮ್ಯುಲೆಟ್ ಆಫ್ ಗ್ಲೋರಿ ಕುತ್ತಿಗೆಯಲ್ಲಿದ್ದರೆ ವೈಲ್ಡರ್ನೆಸ್‌ನಲ್ಲಿ (ಬೇರೆ ಆಟಗಾರರು ನಿಮ್ಮನ್ನು ಕೊಲ್ಲಬಹುದಾದ ಪ್ರದೇಶ) 30ನೇ ಲೆವೆಲ್‌ವರೆಗೆ ಎಲ್ಲಿದ್ದರೂ ಅಲ್ಲಿಂದ ಟೆಲಿಪೋರ್ಟ್ ಆಗಿ ಹೊರಬರಬಹುದು. ಹಸಿರು ಡ್ರ್ಯಾಗನ್ ಹೊಡೆಯುವವರಿಗೆ ಇದಕ್ಕಿಂತ ಅನುಕೂಲ ಬೇರೆ ಇಲ್ಲ.

ಟೆಲಿಪೋರ್ಟ್ ಟ್ಯಾಬ್ ಸ್ಟ್ಯಾಕ್ ಆಗುತ್ತದೆ. ಹಾಗಾಗಿ ಒಂದೇ ಒಯ್ದರೂ ನೂರು ಒಯ್ದರೂ ಸ್ಲಾಟ್ ಒಂದೇ.

ರೂನ್‌ಗಳಿಗೆ ಮೂರು ದಾರಿ. ಮೊದಲನೆಯದು, ಕೈಯಲ್ಲಿರುವ ಸ್ಟಾಫ್. ಬೆಂಕಿಯ ಸ್ಟಾಫ್ ಹಿಡಿದರೆ ಫೈರ್ ರೂನ್ ಬೇಕೇ ಇಲ್ಲ. ಎರಡನೆಯದು, ಕಾಂಬಿನೇಷನ್ ರೂನ್. ಡಸ್ಟ್ ರೂನ್ ಗಾಳಿಯ ಕೆಲಸವನ್ನೂ ಮಣ್ಣಿನ ಕೆಲಸವನ್ನೂ ಮಾಡುತ್ತದೆ. ಮೂರನೆಯದು, ರೂನ್ ಪೌಚ್. ಮೂರು ಬಗೆಯ ರೂನ್, ಒಂದೊಂದೂ 16,000ದವರೆಗೆ, ಎಲ್ಲ ಸೇರಿ ಒಂದೇ ಸ್ಲಾಟ್. ಡಿವೈನ್ ರೂನ್ ಪೌಚ್‌ನಲ್ಲಿ ನಾಲ್ಕು ಬಗೆ ಹಿಡಿಯುತ್ತವೆ. ಟ್ರೈಡೆಂಟ್ ಅನ್ನುವ ಮ್ಯಾಜಿಕ್ ಆಯುಧ ಇದ್ದವರಿಗೆ ಈ ತಾಪತ್ರಯವೂ ಇಲ್ಲ, ಚಾರ್ಜ್ ಆಯುಧದ ಒಳಗೇ ಇರುತ್ತದೆ. ಬ್ಲೋಪೈಪ್ ಕೂಡ ಹಾಗೇ, ಡಾರ್ಟ್‌ಗಳು ಅದರೊಳಗೇ.

ಇನ್ನು ಗೇರ್ ಸ್ವಿಚ್. ಮೆಲೀಯಿಂದ (ಹತ್ತಿರ ನಿಂತು ಹೊಡೆಯುವುದು) ಮ್ಯಾಜಿಕ್‌ಗೆ ಬದಲಾಯಿಸಲು ಎಂಟು ಪೀಸ್ ಒಯ್ಯುವವರನ್ನು ನೋಡಿ ಎಲ್ಲರಿಗೂ ಆಸೆ. ಆದರೆ ಎಂಟು ಪೀಸ್ ಅಂದರೆ ಎಂಟು ಶಾರ್ಕ್, ಅಂದರೆ 160 ಎಚ್‌ಪಿ (ಹಿಟ್‌ಪಾಯಿಂಟ್ಸ್, ಜೀವದ ಅಳತೆ). ನನ್ನ ಪ್ರಕಾರ ಶುರುವಿಗೆ ಎರಡು ಮೂರು ಪೀಸ್ ಧಾರಾಳ ಸಾಕು. ಆಯುಧ, ಮೈಮೇಲಿನದು, ಬೇಕಿದ್ದರೆ ಕಾಲಿನದು. ಗ್ಲೌಸ್, ಬೂಟ್ ಬದಲಾಯಿಸಿ ಸಿಗುವ ಲಾಭ ಬಹಳ ಕಮ್ಮಿ.

ಹಂತ 3: ಒಂದು ಸ್ಲಾಟ್‌ಗೆ ಎಷ್ಟು ಎಚ್‌ಪಿ?

ಫುಡ್ ಆರಿಸುವಾಗ ಬೆಲೆಗಿಂತ ಮೊದಲು ಕೇಳಬೇಕಾದ್ದು ಇದು. ಲಾಬ್‌ಸ್ಟರ್ 12, ಮಂಕ್‌ಫಿಶ್ 16, ಶಾರ್ಕ್ 20, ಮಾಂಟಾ ರೇ 22. ಸಮ್ಮರ್ ಪೈ ಒಂದು ತುತ್ತಿಗೆ 11ರಂತೆ ಎರಡು ತುತ್ತು, ಅಂದರೆ ಒಂದು ಸ್ಲಾಟ್‌ಗೆ 22. ಎರಡು ತುತ್ತಿನ ಫುಡ್‌ನಲ್ಲಿ ಒಂದು ಅನುಕೂಲ ಇದೆ. 12 ಎಚ್‌ಪಿ ಕಮ್ಮಿಯಾದಾಗ ಶಾರ್ಕ್ ತಿಂದರೆ 8 ವ್ಯರ್ಥ. ಪೈ ಆದರೆ ಅರ್ಧ ತಿಂದು ಅರ್ಧ ಇಟ್ಟುಕೊಳ್ಳಬಹುದು. ಜೋರು ಏಟು ಕೊಡುವ ಬಾಸ್ ಎದುರಿಗಿದ್ದರೆ ಮಾತ್ರ 11 ಯಾವ ಮೂಲೆಗೂ ಸಾಲದು.

ಸಾರಾಡಾಮಿನ್ ಬ್ರೂ ಅನ್ನುವ ಪೋಷನ್ ಬಗ್ಗೆ ಸ್ವಲ್ಪ ಬಿಡಿಸಿ ಹೇಳಬೇಕು. ಯಾಕೆಂದರೆ ಸ್ಲಾಟ್ ಲೆಕ್ಕದಲ್ಲಿ ಇದನ್ನು ಮೀರಿಸುವ ಫುಡ್ ಅಪರೂಪ. ಒಂದು ಡೋಸ್ ನಿಮ್ಮ ಹಿಟ್‌ಪಾಯಿಂಟ್ಸ್ ಲೆವೆಲ್‌ನ ಶೇ. 15, ಜೊತೆಗೆ 2 ಎಚ್‌ಪಿ ಕೊಡುತ್ತದೆ. ಲೆವೆಲ್ 99 ಇದ್ದರೆ ಡೋಸ್‌ಗೆ 16, ತುಂಬಿದ ಬಾಟಲಿಯ ನಾಲ್ಕು ಡೋಸ್‌ಗೆ 64. ಒಂದೇ ಸ್ಲಾಟ್‌ನಲ್ಲಿ ಮೂರು ಶಾರ್ಕ್‌ಗಿಂತ ಜಾಸ್ತಿ. ಆದರೆ ಪ್ರತಿ ಡೋಸ್ ಅಟ್ಯಾಕ್, ಸ್ಟ್ರೆಂತ್, ರೇಂಜ್ಡ್, ಮ್ಯಾಜಿಕ್ ಅನ್ನು ಇಳಿಸುತ್ತದೆ. ಮೂರು ಡೋಸ್ ಕುಡಿದರೆ 99 ಇದ್ದದ್ದು 69ಕ್ಕೆ ಬರುತ್ತದೆ. ಅದನ್ನು ಮೇಲೆತ್ತಲು ಒಂದು ಡೋಸ್ ಸೂಪರ್ ರಿಸ್ಟೋರ್ ಸಾಕು, ಅದು 32 ಕೊಡುತ್ತದೆ. ಮೂರಕ್ಕೆ ಒಂದು ಅನ್ನುವ ಲೆಕ್ಕ ಹುಟ್ಟಿದ್ದು ಹೀಗೆ.

ಈಗ ಸ್ಲಾಟ್‌ಗೆ ತನ್ನಿ. ಮೂರು ಬ್ರೂ, ಒಂದು ರಿಸ್ಟೋರ್, ಒಟ್ಟು ನಾಲ್ಕು ಸ್ಲಾಟ್. ಹನ್ನೆರಡು ಡೋಸ್ ಬ್ರೂ ಅಂದರೆ 192 ಎಚ್‌ಪಿ. ಅದೇ ನಾಲ್ಕು ಸ್ಲಾಟ್‌ನಲ್ಲಿ ಶಾರ್ಕ್ ಇದ್ದಿದ್ದರೆ 80. ರಿಸ್ಟೋರ್ ಕುಡಿದಾಗ ಪ್ರೇಯರ್ ಕೂಡ ತುಂಬುತ್ತದೆ, ಅದು ಬೋನಸ್. ಹಿಟ್‌ಪಾಯಿಂಟ್ಸ್ 70 ಇದ್ದವರಿಗೆ ಡೋಸ್‌ಗೆ 12 ಮಾತ್ರ. ಆಗಲೂ ನಾಲ್ಕು ಸ್ಲಾಟ್‌ಗೆ 144.

ಹಾಗಾದರೆ ಎಲ್ಲ ಕಡೆ ಬ್ರೂ ಒಯ್ಯಬೇಕಾ? ಬೇಡ. ಬ್ರೂ ದುಬಾರಿ. ಕುಡಿದ ಕೂಡಲೇ ರಿಸ್ಟೋರ್ ಕುಡಿಯದಿದ್ದರೆ ನಿಮ್ಮ ಏಟು ದುರ್ಬಲವಾಗುತ್ತದೆ. ಸ್ಲೇಯರ್ ಟಾಸ್ಕ್‌ಗೆ (ಇಂತಿಷ್ಟು ಮಾನ್‌ಸ್ಟರ್ ಕೊಲ್ಲುವ ಕೆಲಸ) ಶಾರ್ಕೋ ಮಂಕ್‌ಫಿಶ್ಶೋ ಸಾಕು. ದೊಡ್ಡ ಬಾಸ್, ರೇಡ್‌ಗಳಿಗೆ ಬ್ರೂ ಇಟ್ಟುಕೊಳ್ಳಿ.

ಎರಡು ಮೂರು ಕರಂಬ್ವಾನ್ ಯಾವಾಗಲೂ ಇರಲಿ. ಇದು 18 ಎಚ್‌ಪಿ ಕೊಡುತ್ತದೆ, ಬೇರೆ ಫುಡ್ ತಿಂದ ತಕ್ಷಣ ಕಾಯದೆ ತಿನ್ನಬಹುದು. ಆಟ ನಡೆಯುವುದು 0.6 ಸೆಕೆಂಡಿನ ಟಿಕ್‌ಗಳಲ್ಲಿ. ಒಂದೇ ಟಿಕ್‌ನಲ್ಲಿ ಶಾರ್ಕ್, ಬ್ರೂ, ಕರಂಬ್ವಾನ್ ಮೂರನ್ನೂ ಒತ್ತಿದರೆ ಲೆವೆಲ್ 99ರಲ್ಲಿ 20, 16, 18, ಒಟ್ಟು 54 ಎಚ್‌ಪಿ ಮೇಲೇಳುತ್ತದೆ. ಕ್ರಮ ಮಾತ್ರ ತಪ್ಪಬಾರದು. ಮೊದಲು ಶಾರ್ಕ್, ಆಮೇಲೆ ಬ್ರೂ, ಕೊನೆಗೆ ಕರಂಬ್ವಾನ್. ಕರಂಬ್ವಾನ್ ಮೊದಲು ತಿಂದರೆ ಉಳಿದೆರಡಕ್ಕೂ ಕಾಯಬೇಕು. ನಮ್ಮೂರುಗಳಿಂದ ಅಮೆರಿಕದ ವರ್ಲ್ಡ್‌ಗಳಿಗೆ (ಆಟದ ಸರ್ವರ್‌ಗಳು) ಪಿಂಗ್, ಅಂದರೆ ಸಂದೇಶ ಹೋಗಿಬರಲು ಹಿಡಿಯುವ ಸಮಯ, ಜಾಸ್ತಿ. ವರ್ಲ್ಡ್ ಆರಿಸುವಾಗ ಕಮ್ಮಿ ಪಿಂಗ್ ಇರುವುದನ್ನು ನೋಡಿ, ಮೂರನ್ನೂ ಒಟ್ಟಿಗೆ ಒತ್ತುವ ಅಭ್ಯಾಸವನ್ನು ಅಪಾಯ ಇಲ್ಲದ ಕಡೆ ಮಾಡಿಕೊಳ್ಳಿ.

ಫ್ರೀ ಆಡುವವರಿಗೆ

ಪ್ರೇಯರ್ ಪೋಷನ್, ಬ್ರೂ, ಕರಂಬ್ವಾನ್ ಯಾವುದೂ ನಿಮಗಿಲ್ಲ. ಹಾಗಾಗಿ ಲೆಕ್ಕ ಸುಲಭ. ಸ್ವೋರ್ಡ್‌ಫಿಶ್ ಸ್ಲಾಟ್‌ಗೆ 14. ಆಂಕೋವಿ ಪಿಜ್ಜಾ ಎರಡು ತುತ್ತು, ತುತ್ತಿಗೆ 9, ಸ್ಲಾಟ್‌ಗೆ 18. ದೊಡ್ಡ ಟ್ರಿಪ್‌ಗೆ ಹೆಚ್ಚಿನ ಜಾಗದಲ್ಲಿ ಪಿಜ್ಜಾ, ಅವಸರಕ್ಕೆ ನಾಲ್ಕೈದು ಸ್ವೋರ್ಡ್‌ಫಿಶ್. ಒಂದು ಸ್ಟ್ರೆಂತ್ ಪೋಷನ್. ಅಷ್ಟೇ. ಮೆಂಬರ್ ಆಗಬೇಕೆನಿಸಿದರೆ ಆಟದ ನಾಣ್ಯ ಕೊಟ್ಟು ಬಾಂಡ್ ಕೊಳ್ಳಬಹುದು, ಒಂದು ಬಾಂಡ್‌ಗೆ 14 ದಿನ.

ಹಂತ 4: ಪ್ರೇಯರ್ ಅನ್ನು ನಿಮಿಷದಲ್ಲಿ ಅಳೆಯಿರಿ

ಎಷ್ಟು ಬಾಟಲಿ ಬೇಕು ಅನ್ನುವುದಕ್ಕೆ ಉತ್ತರ ಸಿಗಬೇಕಾದರೆ ಒಂದು ಬಾಟಲಿ ಎಷ್ಟು ನಿಮಿಷ ಬರುತ್ತದೆ ಗೊತ್ತಿರಬೇಕು.

ಪ್ರೇಯರ್ ಪೋಷನ್‌ನ ಒಂದು ಡೋಸ್ ಕೊಡುವುದು 7 ಪಾಯಿಂಟ್, ಜೊತೆಗೆ ನಿಮ್ಮ ಪ್ರೇಯರ್ ಲೆವೆಲ್‌ನ ಕಾಲು ಭಾಗ. ಲೆವೆಲ್ 70 ಇದ್ದರೆ 24. ನಾಲ್ಕು ಡೋಸ್‌ನ ಬಾಟಲಿಗೆ 96. ಪ್ರೊಟೆಕ್ಟ್ ಫ್ರಮ್ ಮೆಲೀ ಅನ್ನುವ ಪ್ರೇಯರ್ ಹಾಕಿಟ್ಟರೆ, ಗೇರ್‌ನಲ್ಲಿ ಪ್ರೇಯರ್ ಬೋನಸ್ ಇಲ್ಲದಿದ್ದಾಗ, ಮೂರು ಸೆಕೆಂಡಿಗೆ ಒಂದು ಪಾಯಿಂಟ್ ಹೋಗುತ್ತದೆ. ಒಂದು ಬಾಟಲಿ 288 ಸೆಕೆಂಡ್, ಅಂದರೆ ಐದು ನಿಮಿಷವೂ ಇಲ್ಲ. ಲೆವೆಲ್ 43ರಲ್ಲಿ ಇದು ಇನ್ನೂ ಕಷ್ಟ: ಬಾಟಲಿಗೆ 68 ಪಾಯಿಂಟ್, ಮೂರೂವರೆ ನಿಮಿಷದ ಒಳಗೆ ಖಾಲಿ.

ಈಗ ಪ್ರೊಸೆಲೈಟ್ ಅನ್ನುವ ರಕ್ಷಾಕವಚದ ಸೆಟ್ ಹಾಕಿಕೊಳ್ಳಿ. ಹೆಲ್ಮೆಟ್, ಮೈ, ಕಾಲು ಸೇರಿ ಪ್ರೇಯರ್ ಬೋನಸ್ 18. ಅದೇ ಒಂದು ಪಾಯಿಂಟ್ ಈಗ 4.8 ಸೆಕೆಂಡ್ ಬರುತ್ತದೆ. ಬಾಟಲಿ ಏಳೂವರೆ ನಿಮಿಷ ದಾಟುತ್ತದೆ. ಐದು ಬಾಟಲಿ ಎಂಟು ಬಾಟಲಿಯ ಕೆಲಸ ಮಾಡುತ್ತದೆ, ಮೂರು ಸ್ಲಾಟ್ ಉಳಿಯಿತು. ಏಟು ಬೀಳದಂತೆ ಪ್ರೇಯರ್ ಹಾಕಿ ಗಂಟೆಗಟ್ಟಲೆ ಮಾಡುವ ಸ್ಲೇಯರ್ ಟಾಸ್ಕ್‌ಗೆ ದುಬಾರಿ ರಕ್ಷಾಕವಚಕ್ಕಿಂತ ಇದೇ ಮೇಲು ಅನ್ನುವುದು ನನ್ನ ಅಭಿಪ್ರಾಯ. ಹೇಗೂ ಏಟು ತಾಗುವುದಿಲ್ಲವಲ್ಲ, ಡಿಫೆನ್ಸ್ ಯಾರಿಗೆ ಬೇಕು?

ಹೋಲಿ ರೆಂಚ್ ಬಗ್ಗೆಯೂ ಕೇಳಿರುತ್ತೀರಿ. ಬ್ಯಾಗಿನಲ್ಲಿದ್ದರೆ ಕಾಲು ಭಾಗದ ಬದಲು ಶೇ. 27 ಸಿಗುತ್ತದೆ. ಲೆವೆಲ್ 70ರಲ್ಲಿ ಇದರ ಲಾಭ ಡೋಸ್‌ಗೆ ಒಂದೇ ಪಾಯಿಂಟ್. ಆ ಸ್ಲಾಟ್‌ನಲ್ಲಿ ಇನ್ನೊಂದು ಪ್ರೇಯರ್ ಪೋಷನ್ ಇದ್ದಿದ್ದರೆ 96 ಬರುತ್ತಿತ್ತು. ಅಂದರೆ ಅಸಲು ಹುಟ್ಟಬೇಕಾದರೆ 24 ಬಾಟಲಿ ಕುಡಿಯಬೇಕು! ಬ್ಯಾಂಕಿನಲ್ಲೇ ಇರಲಿ ಅದು. ಬ್ಯಾಗಿನಲ್ಲಿ ಇಟ್ಟುಕೊಂಡರೆ ಒಳ್ಳೆಯದು ಅಂತ ಯಾರಾದರೂ ಹೇಳುವ ಯಾವ ವಸ್ತುವನ್ನಾದರೂ ಹೀಗೇ ಲೆಕ್ಕ ಹಾಕಿ ನೋಡಿ.

ಹಂತ 5: ಅರೆಬರೆ ಬಾಟಲಿ ಒಯ್ಯಬೇಡಿ

ಒಂದು ಡೋಸ್‌ನ ಬಾಟಲಿಗೂ ಒಂದು ಸ್ಲಾಟ್, ನಾಲ್ಕು ಡೋಸ್‌ನದ್ದಕ್ಕೂ ಒಂದು ಸ್ಲಾಟ್. ಹರ್ಬ್ಲೋರ್‌ನಲ್ಲಿ ನೀವೇ ಪೋಷನ್ ಮಾಡಿದರೆ ಸಾಮಾನ್ಯವಾಗಿ ಮೂರು ಡೋಸ್‌ನದ್ದು ಸಿಗುತ್ತದೆ. ಅದನ್ನು ಹಾಗೇ ಒಯ್ದರೆ ಪ್ರತಿ ಸ್ಲಾಟ್‌ನಲ್ಲಿ ಕಾಲು ಭಾಗ ಖಾಲಿ.

ವಾರಾಕ್ ಊರಿನ ಗ್ರ್ಯಾಂಡ್ ಎಕ್ಸ್‌ಚೇಂಜ್ ಮಾರುಕಟ್ಟೆಯಲ್ಲಿ ಬಾಬ್ ಬಾರ್ಟರ್ ಅನ್ನುವವನು ನಿಂತಿರುತ್ತಾನೆ. ಅವನ ಮೇಲೆ ರೈಟ್ ಕ್ಲಿಕ್ ಮಾಡಿ ಡಿಕ್ಯಾಂಟ್ ಆರಿಸಿ, ಎಷ್ಟು ಡೋಸ್‌ನ ಬಾಟಲಿ ಬೇಕು ಅಂತ ಹೇಳಿದರೆ ಆಯಿತು. ನೋಟ್ (ಒಂದೇ ಸ್ಲಾಟ್‌ನಲ್ಲಿ ಸ್ಟ್ಯಾಕ್ ಆಗುವ ಚೀಟಿ) ರೂಪದಲ್ಲಿದ್ದರೂ ಮಾಡಿಕೊಡುತ್ತಾನೆ. ನಾಲ್ಕು ಮೂರು-ಡೋಸ್ ಬಾಟಲಿ ಕೊಟ್ಟರೆ ಮೂರು ನಾಲ್ಕು-ಡೋಸ್ ಬಾಟಲಿ ಸಿಗುತ್ತದೆ.

ಟ್ರಿಪ್‌ನ ಮಧ್ಯದಲ್ಲೂ ಇದನ್ನು ಕೈಯಲ್ಲೇ ಮಾಡಬಹುದು. ಎರಡು ಡೋಸ್ ಉಳಿದ ಎರಡು ಬಾಟಲಿ ಇದ್ದರೆ ಒಂದನ್ನು ಇನ್ನೊಂದರ ಮೇಲೆ ಯೂಸ್ ಮಾಡಿ. ಒಂದು ತುಂಬಿದ ಬಾಟಲಿ, ಒಂದು ಖಾಲಿ ವಯಲ್ ಆಗುತ್ತದೆ. ವಯಲ್ ಬಿಸಾಡಿ, ಒಂದು ಸ್ಲಾಟ್ ಲೂಟ್‌ಗೆ ಸಿಕ್ಕಿತು. ಇನ್ನೂ ಒಳ್ಳೆಯದು, ಮೊದಲಿನಿಂದಲೇ ಒಂದು ಬಾಟಲಿ ಪೂರ್ತಿ ಮುಗಿಸಿ ಇನ್ನೊಂದಕ್ಕೆ ಕೈ ಹಾಕುವುದು.

ಮೂರು ಪೋಷನ್ ಒಂದಾಗುವುದೂ ಉಂಟು. ಸೂಪರ್ ಅಟ್ಯಾಕ್, ಸೂಪರ್ ಸ್ಟ್ರೆಂತ್, ಸೂಪರ್ ಡಿಫೆನ್ಸ್ ಮೂರಕ್ಕೂ ಬದಲು ಒಂದು ಸೂಪರ್ ಕಾಂಬ್ಯಾಟ್ ಒಯ್ಯಿರಿ. ಎರಡು ಸ್ಲಾಟ್ ಉಳಿತಾಯ.

ಹಂತ 6: ಬ್ಯಾಂಕ್ ಬಾಗಿಲಲ್ಲೇ ತಿಂದು ಕುಡಿದು ಹೊರಡಿ

ಬ್ಯಾಂಕಿನ ಮುಂದೆ ತಿಂದದ್ದಕ್ಕೆ ಸ್ಲಾಟ್ ಬೇಕಿಲ್ಲ. ಬ್ಯಾಂಕಿನಲ್ಲಿ ಬಿದ್ದಿರುವ ಒಂದು ಡೋಸ್‌ನ ಬಾಟಲಿಗಳಿಗೆ ಇದೇ ಸರಿಯಾದ ಜಾಗ. ಆಂಗ್ಲರ್‌ಫಿಶ್ ಇದ್ದರೆ ಇನ್ನೂ ಒಳ್ಳೆಯದು. ಎಚ್‌ಪಿ ತುಂಬಿದ್ದಾಗಲೂ ಅದು ಮೇಲಕ್ಕೆ ಏರಿಸುತ್ತದೆ. 99 ಇದ್ದವರು ಒಂದು ತಿಂದು 121 ಎಚ್‌ಪಿಯೊಂದಿಗೆ ಹೊರಡಬಹುದು. ಹೆಚ್ಚುವರಿ ಎಚ್‌ಪಿ ನಿಧಾನಕ್ಕೆ ಇಳಿಯುತ್ತದೆ, ಹಾಗಾಗಿ ಜಾಗ ಹತ್ತಿರ ಇದ್ದಾಗ ಮಾತ್ರ.

ಫೆರಾಕ್ಸ್ ಎನ್‌ಕ್ಲೇವ್ ಗೊತ್ತಿಲ್ಲದವರು ಇವತ್ತೇ ನೋಡಿಕೊಂಡು ಬನ್ನಿ. ರಿಂಗ್ ಆಫ್ ಡ್ಯುಯೆಲಿಂಗ್‌ನಿಂದ ನೇರ ಹೋಗಬಹುದು. ಅಲ್ಲಿ ಬ್ಯಾಂಕ್ ಇದೆ, ಪಕ್ಕದಲ್ಲೇ ಒಂದು ಕೊಳ ಇದೆ. ಅದರ ನೀರು ಕುಡಿದರೆ ಎಚ್‌ಪಿ, ಪ್ರೇಯರ್, ಓಡುವ ಶಕ್ತಿ ಎಲ್ಲ ಪುಕ್ಕಟೆಯಾಗಿ ತುಂಬುತ್ತದೆ. ಮನೆ ಕಟ್ಟಿಕೊಂಡವರಿಗೆ ಕನ್‌ಸ್ಟ್ರಕ್ಷನ್ ಲೆವೆಲ್ 80ರ ರಿಜುವನೇಷನ್ ಪೂಲ್ ಪ್ರೇಯರ್ ತುಂಬಿಸುತ್ತದೆ, 90ರ ಆರ್ನೇಟ್ ಪೂಲ್ ಎಚ್‌ಪಿಯನ್ನೂ ಸೇರಿಸುತ್ತದೆ. ಅರ್ಧ ಪ್ರೇಯರ್‌ನಲ್ಲಿ ಟ್ರಿಪ್ ಶುರು ಮಾಡುವುದೆಂದರೆ ಮೊದಲ ಬಾಟಲಿಯನ್ನು ದಂಡ ಕಟ್ಟಿದಂತೆ.

ಹಂತ 7: ಲೂಟ್‌ಗೆ ಜಾಗ

ಹಸಿರು ಡ್ರ್ಯಾಗನ್ ಲೆಕ್ಕ ಮಾಡೋಣ. ಲೂಟಿಂಗ್ ಬ್ಯಾಗ್ ಒಂದು, ಸೂಪರ್ ಕಾಂಬ್ಯಾಟ್ ಒಂದು, ಫುಡ್ ಆರು. ಒಟ್ಟು ಎಂಟು. ಉಳಿದ 20 ಸ್ಲಾಟ್‌ಗೆ ಹತ್ತು ಡ್ರ್ಯಾಗನ್. ಆರು ಫುಡ್ ತಿಂದಂತೆ ಇನ್ನೂ ಮೂರು ಡ್ರ್ಯಾಗನ್‌ಗೆ ಜಾಗ. ಲೂಟಿಂಗ್ ಬ್ಯಾಗಿನೊಳಗೆ 28 ಸ್ಲಾಟ್ ಇದೆ, ಅದು ಹದಿನಾಲ್ಕು ಡ್ರ್ಯಾಗನ್‌ಗೆ. ಎಲ್ಲ ಸೇರಿ ಒಂದೇ ಟ್ರಿಪ್‌ನಲ್ಲಿ 27. ಫುಡ್ ಹದಿನಾರು ಒಯ್ದಿದ್ದರೆ, ಬ್ಯಾಗ್ ತುಂಬುವ ಹೊತ್ತಿಗೆ ಅದರಲ್ಲಿ ಹೆಚ್ಚಿನದು ಹಾಗೇ ಉಳಿದಿರುತ್ತಿತ್ತು.

ಆದರೆ ಇದು ವೈಲ್ಡರ್ನೆಸ್. ಇನ್ನೊಬ್ಬ ಆಟಗಾರ ಬಂದು ಕೊಂದರೆ ಲೂಟಿಂಗ್ ಬ್ಯಾಗಿನಲ್ಲಿದ್ದದ್ದು ಪೂರ್ತಿ ಹೋಗುತ್ತದೆ. ಹಾಗಾಗಿ ಬ್ಯಾಗ್ ಅರ್ಧ ತುಂಬಿದಾಗಲೇ ಗ್ಲೋರಿ ಬಳಸಿ ಹೊರಟುಬಿಡುವುದು ಕ್ಷೇಮ. ಲೂಟಿಂಗ್ ಬ್ಯಾಗಿಗೆ ಸಾಮಾನು ಹಾಕಲು ಆಗುವುದೂ ವೈಲ್ಡರ್ನೆಸ್‌ನಲ್ಲಿ ಮಾತ್ರ, ಬೇರೆ ಕಡೆ ಒಯ್ದು ಪ್ರಯೋಜನ ಇಲ್ಲ.

ಸ್ಲೇಯರ್‌ಗೆ ಹರ್ಬ್ ಸ್ಯಾಕ್ ಒಯ್ಯಿರಿ. ಪ್ರತಿ ಬಗೆಯ ಗ್ರೈಮಿ ಹರ್ಬ್ (ಇನ್ನೂ ಶುಚಿ ಮಾಡದ ಗಿಡಮೂಲಿಕೆ) 30ರವರೆಗೆ ಅದರೊಳಗೆ ಹೋಗುತ್ತದೆ. ಜೆಮ್ ಬ್ಯಾಗ್, ಸೀಡ್ ಬಾಕ್ಸ್ ಕೂಡ ಇವೆ. ಆದರೆ ಅವು ಒಂದೊಂದೂ ಒಂದು ಸ್ಲಾಟ್ ತಿನ್ನುತ್ತವೆ. ಆ ಮಾನ್‌ಸ್ಟರ್ ಹರ್ಬ್ ಬೀಳಿಸದಿದ್ದರೆ ಹರ್ಬ್ ಸ್ಯಾಕ್ ಯಾಕೆ?

ಬ್ಯಾಗ್ ತುಂಬಿದಾಗ ದುಬಾರಿ ಲೂಟ್ ಬಿತ್ತು ಅಂದುಕೊಳ್ಳಿ. ಒಂದು ಶಾರ್ಕ್ ತಿಂದು ಎತ್ತಿಕೊಳ್ಳಿ, ಎಚ್‌ಪಿ ತುಂಬಿದ್ದರೂ ಪರವಾಗಿಲ್ಲ. ಒಂದು ಶಾರ್ಕ್‌ನ ಬೆಲೆಗಿಂತ ಕಮ್ಮಿ ಲೂಟ್ ಆದರೆ ಅಲ್ಲೇ ಬಿಡಿ. ಬಿದ್ದದ್ದನ್ನೆಲ್ಲ ಆರಿಸುವ ಚಟ ಇದ್ದವರ ಟ್ರಿಪ್ ಯಾವಾಗಲೂ ಚಿಕ್ಕದು.

ಹಂತ 8: ಜೋಡಣೆ

ಎಲ್ಲಿ ಏನಿದೆ ಅನ್ನುವುದು ಕಣ್ಣು ಮುಚ್ಚಿದರೂ ಗೊತ್ತಿರಬೇಕು, ಅಡುಗೆಮನೆಯ ಸಾಸಿವೆ ಡಬ್ಬಿಯ ಹಾಗೆ. ಗೇರ್ ಸ್ವಿಚ್ ಮೇಲಿನ ಎರಡು ಸಾಲಿನಲ್ಲಿ, ಪೋಷನ್ ಅದರ ಕೆಳಗೆ, ಫುಡ್ ಕೆಳಗಿನ ಸಾಲುಗಳಲ್ಲಿ. ನಿಮಗೆ ಬೇರೆ ಕ್ರಮ ಹಿತವೆನಿಸಿದರೆ ಅದೇ ಇರಲಿ, ಆದರೆ ಎಲ್ಲ ಟ್ರಿಪ್‌ಗೂ ಒಂದೇ ಕ್ರಮ. ಕರಂಬ್ವಾನ್‌ಗಳು ಶಾರ್ಕ್‌ನ ಪಕ್ಕದ ಕಾಲಂನಲ್ಲೇ ಇರಲಿ. ಒಂದೇ ಟಿಕ್‌ನಲ್ಲಿ ಎರಡನ್ನೂ ಒತ್ತಬೇಕು, ದೂರ ಇದ್ದರೆ ಆಗುವುದಿಲ್ಲ. ಮೊಬೈಲ್‌ನಲ್ಲಿ ಆಡುವವರಿಗೆ ಹೆಬ್ಬೆರಳು ಸುಲಭವಾಗಿ ತಲುಪುವ ಅಂಚಿನಲ್ಲಿ ಫುಡ್ ಇರಬೇಕು. ಟ್ಯಾಪ್ ಮಾಡಿದರೆ ಡ್ರಾಪ್ ಆಗುವ ಸೆಟಿಂಗ್ ಆನ್ ಇದ್ದರೆ ಬಾಸ್ ಹತ್ತಿರ ಹೋಗುವ ಮೊದಲು ಆಫ್ ಮಾಡಿ.

ಹಂತ 9: ಬ್ಯಾಂಕ್

ಬ್ಯಾಂಕಿನಲ್ಲೂ ಜಾಗಕ್ಕೆ ಮಿತಿ ಇದೆ. ಒಂದೇ ಪ್ರೇಯರ್ ಪೋಷನ್ ಒಂದು, ಎರಡು, ಮೂರು, ನಾಲ್ಕು ಡೋಸ್ ಅಂತ ನಾಲ್ಕು ಸ್ಲಾಟ್ ಹಿಡಿಯುತ್ತದೆ. ಹನ್ನೆರಡು ಬಗೆಯ ಪೋಷನ್ ಇದ್ದರೆ 48 ಸ್ಲಾಟ್. ಬಾಬ್ ಬಾರ್ಟರ್ ಹತ್ತಿರ ಎಲ್ಲವನ್ನೂ ನಾಲ್ಕು ಡೋಸ್‌ಗೆ ತಂದರೆ ಹೆಚ್ಚುಕಮ್ಮಿ 12ಕ್ಕೆ ಇಳಿಯುತ್ತದೆ. ಬ್ಯಾಂಕರ್ ಹತ್ತಿರ ನಾಣ್ಯ ಕೊಟ್ಟು ಹೆಚ್ಚು ಜಾಗ ಕೊಳ್ಳಬಹುದು, ಆದರೆ ಮೊದಲು ಈ ಕೆಲಸ ಮಾಡಿ ನೋಡಿ.

ಫುಡ್, ಪೋಷನ್, ಟೆಲಿಪೋರ್ಟ್‌ಗೆ ಒಂದೇ ಟ್ಯಾಬ್ ಇಡಿ. ಪ್ಲೇಸ್‌ಹೋಲ್ಡರ್ ಆನ್ ಮಾಡಿ. ಶಾರ್ಕ್ ಪೂರ್ತಿ ಖಾಲಿಯಾದರೂ ಅದರ ಮಸುಕು ಚಿತ್ರ ಅಲ್ಲೇ ಉಳಿಯುತ್ತದೆ, ಕೊಂಡು ತಂದಾಗ ಅದೇ ಜಾಗಕ್ಕೆ ಹೋಗುತ್ತದೆ. ಪ್ಲೇಸ್‌ಹೋಲ್ಡರ್ ಕೂಡ ಒಂದು ಸ್ಲಾಟ್ ಹಿಡಿಯುತ್ತದೆ. ಇನ್ನು ಬಳಸುವುದೇ ಇಲ್ಲ ಅನ್ನುವಂಥದ್ದನ್ನು ಆಗಾಗ ತೆಗೆಯಿರಿ.

ಕಂಪ್ಯೂಟರ್‌ನಲ್ಲಿ ರೂನ್‌ಲೈಟ್ (ಆಟ ಆಡಲು ಬಳಸುವ ಇನ್ನೊಂದು ಸಾಫ್ಟ್‌ವೇರ್) ಬಳಸುವವರು ಇನ್ವೆಂಟರಿ ಸೆಟಪ್ಸ್ ಪ್ಲಗಿನ್ ಹಾಕಿಕೊಳ್ಳಿ. ಬ್ಯಾರೋಸ್‌ಗೆ ಒಂದು, ಡ್ರ್ಯಾಗನ್‌ಗೆ ಒಂದು ಸೆಟಪ್ ಉಳಿಸಿಟ್ಟರೆ, ಬ್ಯಾಂಕ್ ತೆರೆದಾಗ ಏನು ಕಮ್ಮಿ ಇದೆ ಅಂತ ಅದೇ ತೋರಿಸುತ್ತದೆ.

ಶುರು ಮಾಡಲು ಒಂದು ಸೆಟಪ್: ಬ್ಯಾರೋಸ್

ಪ್ರೇಯರ್, ಮ್ಯಾಜಿಕ್ ಎರಡೂ 70ರ ಆಸುಪಾಸು ಇರುವವರಿಗೆ ಇದು. ದಿಬ್ಬ ಅಗೆಯಲು ಸನಿಕೆ ಒಂದು, ಅದಿಲ್ಲದೆ ಒಳಗೇ ಹೋಗಲಾಗುವುದಿಲ್ಲ. ರೂನ್ ಪೌಚ್ ಒಂದು. ಬ್ಯಾರೋಸ್ ಟ್ಯಾಬ್ ಒಂದು ಸ್ಲಾಟ್, ಮನೆಯ ಟ್ಯಾಬ್ ಒಂದು ಸ್ಲಾಟ್. ಆರು ಸಹೋದರರಲ್ಲಿ ಅಹ್ರಿಮ್‌ಗಾಗಿ ಬಿಲ್ಲು ಸೇರಿ ರೇಂಜ್ಡ್ ಗೇರ್ ಮೂರು ಪೀಸ್, ಉಳಿದ ಐವರಿಗೆ ಮ್ಯಾಜಿಕ್. ಪ್ರೇಯರ್ ಪೋಷನ್ ನಾಲ್ಕು. ಫುಡ್ ಹತ್ತು. ಇಲ್ಲಿಗೆ 21. ಉಳಿದ ಏಳು ಸ್ಲಾಟ್‌ಗಳಲ್ಲಿ ನಾಲ್ಕೈದು ರೂನ್, ಬೋಲ್ಟ್ ರ‍್ಯಾಕ್, ನಾಣ್ಯಗಳಿಗೆ ಹೋಗುತ್ತವೆ. ಅದೃಷ್ಟ ಇದ್ದರೆ ಒಂದೆರಡು ಬ್ಯಾರೋಸ್ ಪೀಸ್‌ಗೂ ಜಾಗ ಇದೆ.

ಪ್ರೇಯರ್ ಬೇಕಾಗುವುದು ಮುಖ್ಯವಾಗಿ ಧಾರೋಕ್, ಕರಿಲ್, ಅಹ್ರಿಮ್‌ಗೆ. ಗೋರಿಯೊಳಗೆ ನಿಂತರೆ ಪ್ರೇಯರ್ ಆಫ್ ಇದ್ದರೂ ಪಾಯಿಂಟ್ ತಾನಾಗಿ ಸೋರುತ್ತದೆ. ಆದ್ದರಿಂದ ಆ ಮೂವರನ್ನು ಮೊದಲು ಮುಗಿಸಿ. ಎರಡನೇ ಸುತ್ತು ಮುಗಿದಾಗ ಪ್ರೇಯರ್ ಪೋಷನ್ ಖಾಲಿಯಾಗಿ ಫುಡ್ ಆರು ಉಳಿದಿದ್ದರೆ, ಮುಂದಿನ ಸಲ ಎರಡು ಫುಡ್ ತೆಗೆದು ಎರಡು ಬಾಟಲಿ ಸೇರಿಸಿ. ಉಲ್ಟಾ ಆಗಿದ್ದರೆ ಉಲ್ಟಾ ಮಾಡಿ.